ನೋವಿಲ್ಲದ ಕಾಮಣಿ

ಗಂಗಾವತಿ ಸೀಮೆಯಲ್ಲಿ ಮನೆಯ ಹಿರಿಯರೊಬ್ಬರ ಕಣ್ಣು ಹಳದಿಯಾದರೆ ಮೊದಲು ಕೇಳಿಬರುವುದು ಔಷಧಿ ಕೊಡುವವರ ಊರಿನ ಹೆಸರು. "ಕಾಮಣಿ ಆಗೈತಿ, ಆ ಊರಾಗ ಬೇರು ಅರದು ಕೊಡ್ತಾರ, ಉಪ್ಪು ಎಣ್ಣಿ ಬಿಡಬೇಕು." ಕೈಗೆ ಬರೆ ಹಾಕಿಸುವವರೂ ಇದ್ದಾರೆ. ಶ್ರೀರಾಮನಗರದಲ್ಲಿ ಇದೇ ಸಲಹೆ ತೆಲುಗಿನಲ್ಲೂ ಸಿಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರು ಕಟ್ಟಿದ ಕ್ಯಾಂಪುಗಳ ಸೀಮೆ ಇದು. ಸುತ್ತ ಭತ್ತದ ಗದ್ದೆ, ಅಕ್ಕಿ ಗಿರಣಿ. ಮನೆಯೊಳಗಿನ ಮಾತು ಯಾವುದೇ ಇರಲಿ, ಹಳದಿ ಕಣ್ಣಿಗೆ ಹುಡುಕುವ ಮದ್ದು ಮಾತ್ರ ಒಂದೇ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮಲ್ಲಿ ಕಾಮಣಿಗೆ ಬಹುಪಾಲು ಕಾರಣ ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು. ಆ ಸೋಂಕು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾರು ಏನು ಕೊಟ್ಟಿದ್ದರೋ ಅವರಿಗೆ ಹೆಸರು ಬರುತ್ತದೆ. ಬೇರು ಕುಡಿದು ವಾಸಿಯಾದ ಹತ್ತಾರು ಜನರನ್ನು ಕಣ್ಣಾರೆ ಕಂಡ ಊರು ಹನ್ನೊಂದನೆಯವರನ್ನೂ ಅಲ್ಲಿಗೇ ಕಳಿಸುತ್ತದೆ. ಆದರೆ ಅರವತ್ತರ ಆಸುಪಾಸಿನ ಅಪ್ಪನಿಗೋ ಅವ್ವನಿಗೋ ಜ್ವರವಿಲ್ಲದೆ, ಹೊಟ್ಟೆನೋವಿಲ್ಲದೆ ಕಣ್ಣು ಹಳದಿಯಾಗುತ್ತ ಹೋದರೆ ಅದು ಬೇರೆಯದೇ ಕಾಮಣಿ ಇರಬಹುದು. ಅದಕ್ಕೆ ಪಥ್ಯ ಮಾಡಿಸುತ್ತ ಕಳೆದ ಮೂರು ನಾಲ್ಕು ವಾರಗಳನ್ನು ಮುಂದೆ ಯಾವ ದುಡ್ಡು ಕೊಟ್ಟರೂ ಕೊಳ್ಳಲಾಗದು.

ಎರಡರ ನಡುವಿನ ಭೇದದ ಸುಳಿವು ಹೆಚ್ಚಾಗಿ ಮಲದ ಬಣ್ಣದಲ್ಲಿ ಸಿಗುತ್ತದೆ. ವಯಸ್ಸಾದ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತರಸದ ಜೊತೆ ಪಿತ್ತನಾಳದ ಮೂಲಕ ಕರುಳಿಗೆ ಬಿಡುತ್ತದೆ. ಮಲಕ್ಕೆ ಕಂದು ಬಣ್ಣ ಬರುವುದು ಇದರಿಂದಲೇ. ಈ ನಾಳ ಕರುಳನ್ನು ಸೇರುವ ಮುಂಚೆ ಮೇದೋಜೀರಕ ಗ್ರಂಥಿಯ ತಲೆಯ ಭಾಗವನ್ನು ಹಾಯ್ದು ಬರಬೇಕು. ಅಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆದರೆ ನಾಳ ಅಮುಕಿಕೊಳ್ಳುತ್ತದೆ. ವಿತರಣಾ ಕಾಲುವೆಯ ತೂಬು ಮುಚ್ಚಿದಾಗ ಕೆಳಗಿನ ಗದ್ದೆ ಒಣಗಿ, ಮೇಲೆ ನಿಂತ ನೀರು ಏರಿ ಒಡ್ಡು ದಾಟುವುದನ್ನು ಈ ಸೀಮೆಯ ರೈತರು ಬಲ್ಲರು. ಇಲ್ಲೂ ಹಾಗೆಯೇ ಆಗುತ್ತದೆ. ಕೆಳಗೆ ಪಿತ್ತರಸ ಸಿಗದ ಕರುಳಿನಿಂದ ಸುಣ್ಣದಂಥ ಬಿಳಿಚಿದ ಮಲ, ಮೇಲೆ ರಕ್ತಕ್ಕೆ ನುಗ್ಗಿದ ಬಿಲಿರುಬಿನ್ ಮೂತ್ರಪಿಂಡದ ಮೂಲಕ ಹೊರಬಿದ್ದು ಕಡು ಚಹಾ ಬಣ್ಣದ ಮೂತ್ರ. ಪಿತ್ತ ಮೈಯಲ್ಲೇ ಉಳಿದದ್ದರಿಂದ ರಾತ್ರಿಯಿಡೀ ನಿದ್ದೆಗೆಡಿಸುವ ತುರಿಕೆ.

ಐವತ್ತು ದಾಟಿದವರಲ್ಲಿ ಹಳದಿ ಕಣ್ಣು, ಬಿಳಿ ಮಲ, ತುರಿಕೆ ಮೂರೂ ಕೂಡಿದರೆ ಅದೇ ವಾರ ಹೊಟ್ಟೆಯ ಅಲ್ಟ್ರಾಸೌಂಡ್ ಆಗಬೇಕು. ಪಿತ್ತನಾಳ ಹಿಗ್ಗಿದೆಯೇ ಎಂದು ಆ ಸರಳ ಪರೀಕ್ಷೆ ಹೇಳುತ್ತದೆ. ಹಿಗ್ಗಿದ್ದರೆ ಅಡ್ಡಿ ಏನೆಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕು. ಅಡ್ಡಿ ಕಲ್ಲಿನದೂ ಆಗಿರಬಹುದು. ಹಾಗಾದರೆ ಅದನ್ನು ತೆಗೆಸಿ, ಸಂತೋಷಪಟ್ಟು ಮನೆಗೆ ಬನ್ನಿ.

ಮೇದೋಜೀರಕ ಗ್ರಂಥಿ ಹೊಟ್ಟೆಯ ಅತ್ಯಂತ ಒಳಗೆ, ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡು ಅಡ್ಡಲಾಗಿ ಮಲಗಿರುವ ಅಂಗ. ಉದ್ದ ಸುಮಾರು 15 ಸೆಂಟಿಮೀಟರ್. ತಲೆ ಸಣ್ಣಕರುಳಿನ ಬಾಗಿನೊಳಗೆ ಕೂತಿದ್ದರೆ ಬಾಲ ಎಡಕ್ಕೆ ಗುಲ್ಮದವರೆಗೆ ಚಾಚಿರುತ್ತದೆ. ವೈದ್ಯರು ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದರೆ ಸಿಗುವುದಿಲ್ಲ. ದಿನಕ್ಕೆ ಒಂದು ಲೀಟರಿಗೂ ಹೆಚ್ಚು ಜೀರ್ಣರಸ ಸುರಿಸಿ ಪಿಷ್ಟ, ಪ್ರೋಟೀನ್, ಕೊಬ್ಬುಗಳನ್ನು ಕರಗಿಸುವ ಕಿಣ್ವಗಳನ್ನು ಕೊಡುವುದು ಇದರ ಒಂದು ಕೆಲಸ. 1869ರಲ್ಲಿ ಪಾಲ್ ಲಾಂಗರ್‌ಹಾನ್ಸ್ ಗುರುತಿಸಿದ ದ್ವೀಪದಂಥ ಜೀವಕೋಶ ಗುಂಪುಗಳಿಂದ ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ನೊಂದು. ಈ ಗ್ರಂಥಿಯ ಕ್ಯಾನ್ಸರ್ ಬಹುತೇಕ ಹುಟ್ಟುವುದು ಜೀರ್ಣರಸ ಒಯ್ಯುವ ಸಣ್ಣ ನಾಳಗಳ ಒಳಪದರದಲ್ಲಿ.

ಗ್ರಂಥಿಯ ತಲೆಯಲ್ಲಿ ಹುಟ್ಟಿದರೆ ಕಾಮಣಿಯಾದರೂ ಮುನ್ಸೂಚನೆ ಕೊಡುತ್ತದೆ. ನಡುವಿನಲ್ಲೋ ಬಾಲದಲ್ಲೋ ಹುಟ್ಟಿದರೆ ಅದೂ ಇಲ್ಲ. ಹೊಟ್ಟೆಯಿಂದ ಬೆನ್ನಿಗೆ ಹಾಯುವ ಮಂದ ನೋವು ಬರುತ್ತದೆ, ಅಂಗಾತ ಮಲಗಿದರೆ ಜಾಸ್ತಿ, ಎದ್ದು ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಮನೆಯವರು ಗ್ಯಾಸ್ ಎನ್ನುತ್ತಾರೆ, ಗದ್ದೆ ಕೆಲಸದ ಬೆನ್ನುನೋವು ಎನ್ನುತ್ತಾರೆ. ಇನ್ನೊಂದು ಸುಳಿವು ಸಕ್ಕರೆ ಕಾಯಿಲೆ. ಸಾಮಾನ್ಯ ಸಕ್ಕರೆ ಕಾಯಿಲೆ ಮಧ್ಯವಯಸ್ಸಿನಲ್ಲಿ ಮೈ ತೂಕ ಏರುವುದರ ಜೊತೆ ಬರುತ್ತದೆ. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಏರಿ, ಅದೇ ಹೊತ್ತಿಗೆ ತೂಕ ಇಳಿಯುತ್ತ ಹೋದರೆ ಅದನ್ನು ಅನುಮಾನದಿಂದ ನೋಡಬೇಕು. ಹೊಸದಾಗಿ ಸಕ್ಕರೆ ಬಂದ ಆ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಮೂರು ವರ್ಷದೊಳಗೆ ಮೇದೋಜೀರಕ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂದು ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಉಳಿದ ತೊಂಬತ್ತೊಂಬತ್ತು ಜನರಿಗೆ ಇಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಆದರೆ "ಶುಗರ್ ಬಂದೈತಿ, ಅದಕ್ಕ ಇಳದಾನ" ಎಂಬ ಸಮಾಧಾನ ಎಲ್ಲರಿಗೂ ಒಪ್ಪುವುದಿಲ್ಲ.

ರೋಗ ಗೊತ್ತಾದ ದಿನದಿಂದ ಮಕ್ಕಳ ಬಾಯಲ್ಲಿ ಒಂದೇ ಮಾತು: ಮೊದಲೇ ನೋಡಬೇಕಿತ್ತು. ಮಗ ಹೈದರಾಬಾದಿನಲ್ಲಿದ್ದೆ ಎಂದು ಕೊರಗುತ್ತಾನೆ, ಮಗಳು ಹಬ್ಬಕ್ಕೆ ಬಂದಾಗಲೇ ಅಪ್ಪನ ಅಂಗಿ ಸಡಿಲವಾಗಿತ್ತು ಎಂದು ನೆನೆಯುತ್ತಾಳೆ. ಇದಕ್ಕೆ ಬರೀ ಸಾಂತ್ವನವಲ್ಲ, ವಿಜ್ಞಾನವೇ ಉತ್ತರ ಕೊಡುತ್ತದೆ. 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವಿಜ್ಞಾನಿಗಳು ಈ ರೋಗದಿಂದ ತೀರಿಹೋದವರ ಗೆಡ್ಡೆಗಳಲ್ಲಿನ ವಂಶವಾಹಿ ಬದಲಾವಣೆಗಳನ್ನು ಎಣಿಸಿ ಕಾಲ ಅಳೆದರು. ಮೊದಲ ಬದಲಾವಣೆಯಿಂದ ಪೂರ್ಣ ಕ್ಯಾನ್ಸರ್ ಜೀವಕೋಶ ಹುಟ್ಟಲು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು, ಅದು ಬೇರೆ ಅಂಗಗಳಿಗೆ ಹರಡುವ ಶಕ್ತಿ ಪಡೆಯಲು ಮತ್ತೆ ಆರೇಳು ವರ್ಷ. ಅಲ್ಲಿಂದ ಸಾವಿಗೆ ಉಳಿಯುವುದು ಎರಡು ಮೂರು ವರ್ಷ ಮಾತ್ರ. ಆ ಮೊದಲ ದೀರ್ಘ ಕಾಲವೆಲ್ಲ ಮೌನ. ಆ ಹಂತದಲ್ಲಿ ಊರಿಗೆ ಊರನ್ನೇ ಪರೀಕ್ಷಿಸಿ ಹಿಡಿಯಬಲ್ಲ ರಕ್ತಪರೀಕ್ಷೆ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇಲ್ಲ. ರಕ್ತದಲ್ಲಿ ಸಿಎ 19-9 ಎಂಬ ವಸ್ತುವನ್ನು ಅಳೆಯುವ ಪರೀಕ್ಷೆ ಚಿಕಿತ್ಸೆಯ ಪರಿಣಾಮ ನೋಡಲು ಉಪಯುಕ್ತ, ಪತ್ತೆ ಹಚ್ಚಲು ಅಲ್ಲ. ಕಲ್ಲಿನಿಂದ ಕಾಮಣಿಯಾದರೂ ಅದು ಏರುತ್ತದೆ, ಕೆಲವರ ದೇಹ ಆ ವಸ್ತುವನ್ನು ತಯಾರಿಸುವುದೇ ಇಲ್ಲ. ಅಂಗಿ ಸಡಿಲವಾದದ್ದನ್ನು ಮಗಳು ಆ ದಿನವೇ ಹೇಳಿದ್ದರೂ ಅಷ್ಟು ಹೊತ್ತಿಗೆ ರೋಗಕ್ಕೆ ಹದಿನೈದು ವರ್ಷ ಕಳೆದಿರುತ್ತಿತ್ತು.

ಇದು ಕಠಿಣ ರೋಗ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5.1 ಲಕ್ಷ ಜನರಲ್ಲಿ ಹೊಸದಾಗಿ ಪತ್ತೆಯಾಯಿತು, ಅದೇ ವರ್ಷ ಇದರಿಂದ ಸತ್ತವರು ಸುಮಾರು 4.67 ಲಕ್ಷ. ಎರಡೂ ಸಂಖ್ಯೆ ಇಷ್ಟು ಹತ್ತಿರ ನಿಲ್ಲುವ ದೊಡ್ಡ ಕ್ಯಾನ್ಸರ್ ಇನ್ನೊಂದಿಲ್ಲ ಎನ್ನಬಹುದು. ಪತ್ತೆಯಾದಾಗ ಶಸ್ತ್ರಚಿಕಿತ್ಸೆಗೆ ಅವಕಾಶವಿರುವುದು ನೂರರಲ್ಲಿ ಹದಿನೈದು ಇಪ್ಪತ್ತು ಜನರಿಗೆ. ಗೆಡ್ಡೆಯ ಗಾತ್ರಕ್ಕಿಂತ ಅದು ಪಕ್ಕದ ದೊಡ್ಡ ರಕ್ತನಾಳಗಳನ್ನು ಎಷ್ಟು ಸುತ್ತಿಕೊಂಡಿದೆ ಎಂಬುದೇ ಇಲ್ಲಿ ಮುಖ್ಯ. ಆದ್ದರಿಂದ ಸ್ಕ್ಯಾನಿನ ವರದಿಯ ಹಾಳೆ ಸಾಲದು, ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆದು ಜೋಪಾನ ಮಾಡಬೇಕು.

ಶ್ರೀರಾಮನಗರದಿಂದ ದಾರಿಗಳು ಹಲವು. ಜಿಲ್ಲಾ ಕೇಂದ್ರದಲ್ಲಿ 2015ರಲ್ಲಿ ಶುರುವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ. ಆಂಧ್ರದ ನೆಂಟರಿರುವವರು ಹೈದರಾಬಾದಿಗೋ ವಿಜಯವಾಡಕ್ಕೋ ಹೊರಡುವುದೂ ಸಹಜ. ನನ್ನ ಅಭಿಪ್ರಾಯ ಹೇಳುವುದಾದರೆ ಇಡೀ ಪಯಣದಲ್ಲಿ ದೂರ ಹೋಗಲೇಬೇಕಾದ ಕೆಲಸ ಎರಡು: ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬ ತೀರ್ಮಾನ, ಸಾಧ್ಯವಾದರೆ ಆ ಶಸ್ತ್ರಚಿಕಿತ್ಸೆ. ಉಳಿದದ್ದರಲ್ಲಿ ಬಹುಪಾಲನ್ನು ಹತ್ತಿರದಲ್ಲೇ ಮಾಡಿಸಿಕೊಳ್ಳಲು ದಾರಿ ಹುಡುಕಬೇಕು.

ಆ ಶಸ್ತ್ರಚಿಕಿತ್ಸೆಗೆ ದೂರ ಯಾಕೆ ಹೋಗಬೇಕೆಂದರೆ ಅದರ ಕಥೆಯೇ ಹಾಗಿದೆ. ಗ್ರಂಥಿಯ ತಲೆ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ, ಕೆಲವೊಮ್ಮೆ ಜಠರದ ಒಂದು ಪಾಲು ಇಷ್ಟನ್ನೂ ತೆಗೆದು, ಉಳಿದ ತುದಿಗಳನ್ನೆಲ್ಲ ಕರುಳಿಗೆ ಮರಳಿ ಹೊಲಿಯಬೇಕು. ನ್ಯೂಯಾರ್ಕಿನ ಅಲೆನ್ ವಿಪಲ್ 1935ರಲ್ಲಿ ಇದನ್ನು ವರದಿ ಮಾಡಿದಾಗ ಎರಡು ಕಂತಿನಲ್ಲಿ ಮಾಡಬೇಕಿತ್ತು, ಕಾಮಣಿಯಾದವರ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು, ಅದು ಕೊಬ್ಬಿನಲ್ಲಿ ಕರಗುವಂಥದ್ದು, ಪಿತ್ತರಸವಿಲ್ಲದೆ ಕರುಳು ಅದನ್ನು ಹೀರಲಾರದು. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಆ ವಿಟಮಿನ್ ಕಂಡುಹಿಡಿದು ಅದು ಚುಚ್ಚುಮದ್ದಾಗಿ ಸಿಗತೊಡಗಿದ ಮೇಲೆ, 1940ರಲ್ಲಿ ವಿಪಲ್ ಒಂದೇ ಕಂತಿನಲ್ಲಿ ಮುಗಿಸಿದರು. ಇವತ್ತಿಗೂ ಹಳದಿಯಾದ ರೋಗಿಗೆ ಆ ಚುಚ್ಚುಮದ್ದು ಕೊಡುವುದು ಇದೇ ಕಾರಣಕ್ಕೆ. ವರ್ಷಕ್ಕೆ ಎಷ್ಟೋ ವಿಪಲ್ (ಈ ಶಸ್ತ್ರಚಿಕಿತ್ಸೆಗೆ ಈಗ ಅವರದೇ ಹೆಸರು) ಮಾಡುವ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ತೀರ ಕಡಿಮೆ, ಅಪರೂಪಕ್ಕೊಮ್ಮೆ ಮಾಡುವಲ್ಲಿ ಹಲವು ಪಟ್ಟು ಹೆಚ್ಚು ಎಂದು 2002ರ ದೊಡ್ಡ ಅಧ್ಯಯನವೊಂದು ಸ್ಪಷ್ಟವಾಗಿ ತೋರಿಸಿತು. "ಇಲ್ಲಿ ವರ್ಷಕ್ಕೆ ಎಷ್ಟು ವಿಪಲ್ ಮಾಡ್ತೀರಿ?" ಎಂದು ಕೇಳುವುದು ಮಕ್ಕಳ ಹಕ್ಕು. ಒಳ್ಳೆಯ ಶಸ್ತ್ರವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯದೆ ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದರೆ ಆ ಬಾಗಿಲು ಮುಚ್ಚಬಹುದು. ಹಾಗಾಗಿ ಬಸ್ಸು ಹತ್ತುವ ಮುಂಚೆ ಈ ಒಂದು ಕಾಗದದ ಕೆಲಸ ಮುಗಿಸಿ. ಎಕರೆ ಮಾರುವ ಯೋಚನೆ ಬಂದರೆ, ಮಾರುವ ಮುನ್ನ ಆ ಚಿಕಿತ್ಸೆಯಿಂದ ಎಷ್ಟು ತಿಂಗಳು ಕೂಡಬಹುದೆಂದು ವೈದ್ಯರನ್ನೂ, ಹೊಲ ಯಾರದೋ ಆ ಅಪ್ಪನನ್ನೂ ಕೇಳಿ.

ಶಸ್ತ್ರಚಿಕಿತ್ಸೆ ಆಗದವರಿಗೆ ಮೊದಲ ಉಪಶಮನವೆಂದರೆ ಸ್ಟೆಂಟ್. ಬಾಯಿಯಿಂದ ಇಳಿಸಿದ ನಳಿಕೆಯ ಮೂಲಕ ಅಮುಕಿಕೊಂಡ ಪಿತ್ತನಾಳದಲ್ಲಿ ಸಣ್ಣ ಕೊಳವೆ ಕೂರಿಸುತ್ತಾರೆ. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗುತ್ತದೆ, ತುರಿಕೆ ಇಳಿಯುತ್ತದೆ, ಹಸಿವು ತುಸು ಮರಳುತ್ತದೆ. ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಲೋಹದ್ದು ದುಬಾರಿ, ಆದರೆ ಹೆಚ್ಚು ಕಾಲ ಬಾಳುತ್ತದೆ. ಮತ್ತೆ ಮತ್ತೆ ಬೆಂಗಳೂರಿಗೋ ಹುಬ್ಬಳ್ಳಿಗೋ ಓಡಾಡಬೇಕಾದ ಊರಿನವರಿಗೆ ಒಟ್ಟು ಲೆಕ್ಕದಲ್ಲಿ ಲೋಹದ್ದೇ ಲಾಭ. ಇಲ್ಲಿ ಒಂದು ಎಚ್ಚರಿಕೆಯನ್ನು ಮನೆಯ ಎಲ್ಲರೂ ಬಾಯಿಪಾಠ ಮಾಡಬೇಕು. ಸ್ಟೆಂಟ್ ಇರುವವರಿಗೆ ನಡುಗಿಸುವ ಚಳಿಜ್ವರ ಬಂದರೆ ಅದನ್ನು ಮಲೇರಿಯಾ ಎಂದೋ ವೈರಲ್ ಎಂದೋ ತಿಳಿದು ಕಾಯಬಾರದು. ಸ್ಟೆಂಟ್ ಕಟ್ಟಿ, ನಿಂತ ಪಿತ್ತದಲ್ಲಿ ಸೋಂಕು ಬೆಳೆದು ರಕ್ತಕ್ಕೆ ಹರಡುತ್ತಿರಬಹುದು. ಅದು ಆ ರಾತ್ರಿಯೇ ಆಸ್ಪತ್ರೆ ಸೇರಬೇಕಾದ ತುರ್ತು. ಹಾಗೆಯೇ ಒಂದೇ ಕಾಲು ಬಾತು ನೋಯತೊಡಗಿದರೂ. ಈ ಕ್ಯಾನ್ಸರ್ ರಕ್ತವನ್ನು ಅಭಿಧಮನಿಗಳಲ್ಲೇ ಹೆಪ್ಪುಗಟ್ಟಿಸುತ್ತದೆ. ಕ್ಯಾನ್ಸರಿಗೂ ಹೆಪ್ಪಿಗೂ ಇರುವ ಈ ನಂಟನ್ನು ಫ್ರಾನ್ಸಿನ ಅರ್ಮಾಂ ಟ್ರೂಸೊ 1865ರಲ್ಲೇ ವಿವರಿಸಿದ್ದರು.

ಇನ್ನು ಊಟ. ಮಕ್ಕಳ ಪ್ರೀತಿ ಅತಿ ಹೆಚ್ಚು ಸೋಲುವುದು ಇಲ್ಲಿ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ. ಅಪ್ಪ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾನೆ. "ಉಣ್ಣು, ಉಂಡ್ರ ಶಕ್ತಿ ಬರ್ತೈತಿ" ಎಂದು ಮನೆಯೆಲ್ಲ ಸುತ್ತುವರಿಯುತ್ತದೆ. ತಿಂದದ್ದೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ, ಒಂದಕ್ಕೆ ಒಳ್ಳೆಯ ಮದ್ದಿದೆ.

ಮೊದಲನೆಯದು ಕಿಣ್ವದ ಕೊರತೆ. ಗ್ರಂಥಿಯ ನಾಳ ಮುಚ್ಚಿದ್ದರಿಂದ ಅಥವಾ ಗ್ರಂಥಿಯನ್ನೇ ಕತ್ತರಿಸಿದ್ದರಿಂದ ಕೊಬ್ಬು ಕರಗಿಸುವ ಲೈಪೇಸ್ ಕರುಳಿಗೆ ಸಿಗುವುದಿಲ್ಲ. ಹೊಟ್ಟೆ ಉಬ್ಬರ, ಗುಡುಗುಡು, ತೇಲುವ, ಜಿಡ್ಡು ಜಿಡ್ಡಾದ, ದುರ್ವಾಸನೆಯ ಮಲ ಇದರ ಗುರುತು. ಮನೆಯವರು ಅಜೀರ್ಣ ಎಂದುಕೊಂಡು ತುಪ್ಪ, ಎಣ್ಣೆ, ಹಾಲು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುತ್ತಾರೆ. ಮೊದಲೇ ಕರಗುತ್ತಿರುವ ದೇಹಕ್ಕೆ ಇದು ಉಪವಾಸ ಸೇರಿಸಿದ ಹಾಗೆ. ಸರಿಯಾದ ದಾರಿ ಕೊಬ್ಬು ನಿಲ್ಲಿಸುವುದಲ್ಲ, ಕಿಣ್ವವನ್ನು ಹೊರಗಿನಿಂದ ಕೊಡುವುದು. ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್‌ಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ, 10,000, 25,000 ಯೂನಿಟ್ ಎಂದು ಬರೆದಿರುತ್ತದೆ. ಊಟದ ಮೊದಲ ತುತ್ತಿನ ಜೊತೆ ಒಂದು, ನಡುವೆ ಇನ್ನೊಂದು ನುಂಗಬೇಕು. ಊಟ ಮುಗಿಸಿ ಅರ್ಧ ಗಂಟೆಯ ಮೇಲೆ ನುಂಗಿದರೆ ಅನ್ನ ಮುಂದೆ ಹೋಗಿ, ಕಿಣ್ವ ಹಿಂದೆ ಉಳಿಯುತ್ತದೆ. ಜಠರದ ಆಮ್ಲ ಲೈಪೇಸನ್ನು ಕೆಡಿಸುತ್ತದೆ ಎಂದೇ ಒಳಗಿನ ಕಾಳುಗಳಿಗೆ ಲೇಪನವಿರುತ್ತದೆ, ಹಾಗಾಗಿ ಅರೆದು ಕೊಡಬಾರದು. ಹಾಲು ಕುಡಿದರೂ ಕ್ಯಾಪ್ಸೂಲ್ ಬೇಕು, ಬಾಳೆಹಣ್ಣಿಗೆ ಬೇಡ. ಇದು ಹಂದಿಯ ಗ್ರಂಥಿಯಿಂದ ತೆಗೆದದ್ದು ಎಂಬುದನ್ನು ಸಸ್ಯಾಹಾರಿ ಮನೆಗೂ ಮುಸ್ಲಿಂ ಮನೆಗೂ ಮೊದಲೇ ಹೇಳಿ, ತೀರ್ಮಾನವನ್ನು ರೋಗಿಗೇ ಬಿಡುವುದು ಗೌರವ. ಎಷ್ಟೋ ರೋಗಿಗಳಿಗೆ ಈ ಕ್ಯಾಪ್ಸೂಲ್ ಯಾರೂ ಬರೆದುಕೊಡುವುದೇ ಇಲ್ಲ. ಚೀಟಿಯಲ್ಲಿ ಇಲ್ಲದಿದ್ದರೆ ನೀವೇ ಕೇಳಿ.

ಎರಡನೆಯ ಕಾರಣ ಹಟಮಾರಿ. ಕ್ಯಾನ್ಸರ್ ಇರುವ ದೇಹ ಉರಿಯೂತದ ಸಂಕೇತಗಳಿಗೆ ಸಿಕ್ಕಿ ತನ್ನದೇ ಸ್ನಾಯು, ಕೊಬ್ಬನ್ನು ಒಡೆಯತೊಡಗುತ್ತದೆ. ಜಿಡಿಎಫ್-15 ಎಂಬ ಪ್ರೋಟೀನ್ ಮೆದುಳಿನ ಕಾಂಡಕ್ಕೆ ಹೋಗಿ ಹಸಿವನ್ನೇ ಆರಿಸುತ್ತದೆ. ಅಪ್ಪ ಹಟ ಮಾಡುತ್ತಿಲ್ಲ, ಊಟ ಕಂಡರೆ ನಿಜವಾಗಿಯೂ ಅವನಿಗೆ ಓಕರಿಕೆ. 2024ರಲ್ಲಿ ಆ ಪ್ರೋಟೀನನ್ನು ತಡೆಯುವ ಪೊನ್ಸೆಗ್ರೊಮ್ಯಾಬ್ ಎಂಬ ಔಷಧಿಯ ಪ್ರಯೋಗದಲ್ಲಿ, ಮೇದೋಜೀರಕ ಕ್ಯಾನ್ಸರಿನವರೂ ಸೇರಿದಂತೆ ರೋಗಿಗಳ ತೂಕ ಹೆಚ್ಚಾಯಿತು. ಅದು ಇನ್ನೂ ಪ್ರಯೋಗದ ಹಂತದ ಮಾತು. ಅಲ್ಲಿಯವರೆಗೆ ಮಾಡಬಹುದಾದದ್ದು: ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ, ಅವನಿಗೆ ಏನು ಬೇಕೋ ಅದು, ಸಕ್ಕರೆಯ ಪಥ್ಯದಲ್ಲಿ ಸಡಿಲ, ಅಗತ್ಯವಾದರೆ ಇನ್ಸುಲಿನ್. ಆರ್‌ಎಂಪಿ ಡಾಕ್ಟರ ಹತ್ತಿರ ವಾರಕ್ಕೆ ಎರಡು ಬಾಟಲಿ ಗ್ಲೂಕೋಸ್ ಏರಿಸುವುದು ಇಲ್ಲಿ ವಾಡಿಕೆ. ಶೇಕಡಾ ಐದರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಒಂದು ದೊಡ್ಡ ಜೋಳದ ರೊಟ್ಟಿ ಕೊಡುವಷ್ಟು ಶಕ್ತಿಯೂ ಅದರಲ್ಲಿಲ್ಲ. ಆ ದುಡ್ಡನ್ನು ಕಿಣ್ವದ ಕ್ಯಾಪ್ಸೂಲಿಗೆ ಹಾಕಿ. ಮತ್ತು ಕೊನೆಯ ವಾರಗಳಲ್ಲಿ ಉಣ್ಣು ಎಂಬ ಒತ್ತಾಯವನ್ನು ಪೂರ್ತಿ ಬಿಟ್ಟುಬಿಡಿ. ಅವ್ವನ ಪಕ್ಕ ಕೂತು ತಲೆಗೆ ಎಣ್ಣೆ ಹಚ್ಚಿದರೆ ಅದೂ ಆರೈಕೆಯೇ.

ಕೀಮೋಥೆರಪಿಯ ವಿಷಯದಲ್ಲಿ ಅಂಕಿಗಳು ಪೂರ್ಣ ಕತ್ತಲೆಯೂ ಅಲ್ಲ, ಆಸೆ ಹುಟ್ಟಿಸಿ ಮೋಸ ಮಾಡುವಷ್ಟು ಬೆಳಕೂ ಅಲ್ಲ. ಹರಡಿದ ರೋಗಕ್ಕೆ ಜೆಮ್ಸಿಟಾಬಿನ್ ಒಂದನ್ನೇ ಕೊಟ್ಟಾಗ ಅರ್ಧದಷ್ಟು ರೋಗಿಗಳು 6.8 ತಿಂಗಳು ದಾಟಿದರೆ, ಫೋಲ್ಫಿರಿನಾಕ್ಸ್ ಎಂಬ ನಾಲ್ಕು ಔಷಧಿಗಳ ಕೂಟದಲ್ಲಿ 11.1 ತಿಂಗಳು ದಾಟಿದರು. ಇದು 2011ರ ಫ್ರಾನ್ಸಿನ ಪ್ರಯೋಗ. ಶಸ್ತ್ರಚಿಕಿತ್ಸೆ ಆದವರಿಗೆ ಅದೇ ಕೂಟದ ತುಸು ಬದಲಾದ ರೂಪ ಕೊಟ್ಟ 2018ರ ಪ್ರಯೋಗದಲ್ಲಿ ಜೆಮ್ಸಿಟಾಬಿನ್ ಒಂದರ 35 ತಿಂಗಳ ಎದುರು 54.4 ತಿಂಗಳು ಬಂತು. ಪ್ರಯೋಗಕ್ಕೆ ಸೇರಿದವರು ಗಟ್ಟಿಮುಟ್ಟಾಗಿದ್ದವರು, ಎಪ್ಪತ್ತೈದರ ನಿತ್ರಾಣ ಅಪ್ಪನಿಗೆ ಈ ಅಂಕಿಗಳನ್ನು ಹಾಗೇ ಹೊಂದಿಸಲಾಗದು. ಹೆಚ್ಚಿನ ಹೊತ್ತು ಹಾಸಿಗೆಯಲ್ಲೇ ಇರುವವರಿಗೆ ಕೀಮೋ ಬೇಡ ಎಂದು ವೈದ್ಯರು ಹೇಳಿದರೆ ಅದು ಕೈಬಿಟ್ಟ ಮಾತಲ್ಲ, ಕಾಳಜಿಯ ಮಾತು. ಶೇಕಡಾ ತೊಂಬತ್ತಕ್ಕೂ ಹೆಚ್ಚು ಗೆಡ್ಡೆಗಳಲ್ಲಿ ಕೆ-ರಾಸ್ ಎಂಬ ವಂಶವಾಹಿ ಕೆಟ್ಟಿರುತ್ತದೆ. ಮೂರು ದಶಕ ಯಾವ ಔಷಧಿಗೂ ಸಿಗದಿದ್ದ ಅದರ ಪ್ರೋಟೀನಿಗೆ ಅಂಟಿಕೊಳ್ಳುವ ಔಷಧಿಗಳು ಈಗ ಬರುತ್ತಿವೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಿನೋದ್ ಬಾಲಚಂದ್ರನ್ ತಂಡ ಹದಿನಾರು ರೋಗಿಗಳಿಗೆ ಅವರವರ ಗೆಡ್ಡೆಗೆ ತಕ್ಕಂತೆ ತಯಾರಿಸಿದ ಎಂಆರ್‌ಎನ್‌ಎ ಲಸಿಕೆ ಕೊಟ್ಟು, ಎಂಟು ಜನರಲ್ಲಿ ರೋಗನಿರೋಧಕ ಸ್ಪಂದನ ಕಂಡಿತು. ಮುಂದಿನ ತಲೆಮಾರಿಗೆ ಇದು ಭರವಸೆ.

"ಅಪ್ಪಗ ಹೇಳಬ್ಯಾಡ್ರಿ." ವೈದ್ಯರ ಕೋಣೆಯ ಬಾಗಿಲಲ್ಲಿ ಮಕ್ಕಳು ಮೊದಲು ಆಡುವ ಮಾತು ಇದು. ಅದರ ಹಿಂದಿರುವುದು ಪ್ರೀತಿಯೇ. ಆದರೆ ಹೊಲದ ಪಾಲು, ಬ್ಯಾಂಕಿನ ಸಾಲ, ಮಗಳ ಮದುವೆ, ಒಮ್ಮೆ ಗೋದಾವರಿ ತೀರದ ಹುಟ್ಟೂರು ನೋಡಿ ಬರುವ ಆಸೆ ಇವೆಲ್ಲ ಅಪ್ಪನ ಕೈಯಲ್ಲಿವೆ, ಸಮಯ ಎಷ್ಟಿದೆ ಎಂಬ ತಿಳಿವಳಿಕೆ ಮಾತ್ರ ಮಕ್ಕಳ ಕೈಯಲ್ಲಿ. ನೆರೆಯ ಗೋವಾದ ಮುಖ್ಯಮಂತ್ರಿ ಮನೋಹರ ಪರ್ರಿಕರ್ 2018ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದಾಗ ಅವರ ಕಾಯಿಲೆ ಮೇದೋಜೀರಕ ಕ್ಯಾನ್ಸರ್ ಎಂದು ಸರ್ಕಾರ ಬಾಯಿಬಿಟ್ಟು ಹೇಳಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ರೋಗ ಗೊತ್ತಿದ್ದ ಅವರು ತಮಗೆ ಬೇಕಾದ ಹಾಗೆ ಕಾಲ ಕಳೆದರು. 2019ರ ಜನವರಿ ಕೊನೆಯಲ್ಲಿ ಮೂಗಿನಲ್ಲಿ ನಳಿಕೆಯಿಟ್ಟುಕೊಂಡೇ ಬಜೆಟ್ ಮಂಡಿಸಿದರು, ಮಾರ್ಚ್ 17ರಂದು ತೀರಿಕೊಂಡರು. ಹಾಗೆ ಬದುಕಬೇಕೋ, ಮನೆಯಂಗಳದಲ್ಲಿ ಮೊಮ್ಮಕ್ಕಳ ಜೊತೆ ಕೂತಿರಬೇಕೋ ಎಂಬುದನ್ನು ತೀರ್ಮಾನಿಸಬೇಕಾದವರು ರೋಗಿಯೇ. ಎಲ್ಲವನ್ನೂ ಒಂದೇ ಸಲ ಹೇಳಬೇಕಾಗಿಲ್ಲ. "ನಿನಗೆ ಏನಾಗೈತಿ ಅಂತ ಎಷ್ಟು ತಿಳ್ಕೋಬೇಕು ಅನ್ನಿಸ್ತೈತಿ?" ಎಂದು ಕೇಳಿ ಸುಮ್ಮನೆ ಕಾಯಿರಿ. ಬಹಳ ಸಲ ಅಪ್ಪನಿಗೆ ಆಗಲೇ ಅರ್ಧ ಗೊತ್ತಿರುತ್ತದೆ.

ಯಂತ್ರಗಳಿಗೆ ಹಚ್ಚಿ ಕೊನೆಯ ದಿನಗಳನ್ನು ಎಳೆಯುವುದು ಬೇಡ ಎಂದು ಅವರು ಹೇಳಿದರೆ ಅದಕ್ಕೆ ಕಾನೂನಿನ ಬಲವಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಮುಂಗಡ ಇಚ್ಛಾಪತ್ರವನ್ನು ಮಾನ್ಯ ಮಾಡಿತು. 2023ರಲ್ಲಿ ನಿಯಮ ಸರಳವಾಗಿ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಾಯಿತು. ಘನತೆಯ ಸಾವಿನ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್. ಬಿ. ಕರಿಬಸಮ್ಮ ವರ್ಷಗಟ್ಟಲೆ ಹೋರಾಡಿದ್ದರು. ಸುಪ್ರೀಂ ಕೋರ್ಟಿನ ಈ ತೀರ್ಪನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು.

ಮಕ್ಕಳ ಮನಸ್ಸಿನೊಳಗಿನ ಇನ್ನೊಂದು ಪ್ರಶ್ನೆ: ನಮಗೂ ಬರುತ್ತದೆಯೇ? ಹತ್ತರಲ್ಲಿ ಸುಮಾರು ಒಬ್ಬ ರೋಗಿಯಲ್ಲಿ ಮಾತ್ರ ಇದು ವಂಶದಲ್ಲಿ ಬಂದದ್ದು. ಹಾಗೆ ಬರಲು ಕಾರಣವಾಗುವ ವಂಶವಾಹಿಗಳಲ್ಲಿ ಸ್ತನ ಕ್ಯಾನ್ಸರಿಗೆ ಹೆಸರಾದ ಬಿಆರ್‌ಸಿಎ-2 ಕೂಡ ಒಂದು. ತಂದೆತಾಯಿಯ ರಕ್ತದಲ್ಲಿ ಆ ಪರೀಕ್ಷೆ ಮಾಡಿಸಿದರೆ ಮಕ್ಕಳಿಗೂ ದಾರಿ ತಿಳಿಯುತ್ತದೆ, ಕೆಲವರಲ್ಲಿ ರೋಗಿಗೇ ಬೇರೆ ಔಷಧಿಯ ಬಾಗಿಲು ತೆರೆಯುತ್ತದೆ. ಗದ್ದೆಗೆ ಹೊಡೆದ ಔಷಧಿಯಿಂದ ಬಂತೇ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಸಹಜ. ಅದರ ಬಗ್ಗೆ ನಡೆದ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ತಂಬಾಕಿನ ಪಾತ್ರ ಮಾತ್ರ ಖಚಿತ. ಬೀಡಿ ಸಿಗರೇಟು ಬಿಡುವುದು ಮಗ ಇವತ್ತೇ ಮಾಡಬಹುದಾದ ಕೆಲಸ.

ಕೊನೆಗೆ ನೋವು. ಗ್ರಂಥಿಯ ಹಿಂದೆ, ಮಹಾಧಮನಿಯ ಎರಡೂ ಬದಿಗೆ ನರಗಳ ಒಂದು ದಟ್ಟ ಜಾಲವಿದೆ. ಈ ಕ್ಯಾನ್ಸರ್ ನರಗಳ ಎಳೆಯನ್ನೇ ಹಿಡಿದು ಹಬ್ಬುವ ಸ್ವಭಾವದ್ದು. ಬೆನ್ನಿಗೆ ಹಾಯುವ ಆ ನೋವು ಅಷ್ಟು ಉಗ್ರವಾಗಿರುವುದು ಇದರಿಂದಲೇ. ಆ ಜಾಲಕ್ಕೆ ನೇರವಾಗಿ ಆಲ್ಕೋಹಾಲ್ ಚುಚ್ಚಿ ನೋವಿನ ಸಂಕೇತ ನಿಲ್ಲಿಸುವ ವಿಧಾನ ಇದೆ, ಅದನ್ನು ದೊಡ್ಡ ಕೇಂದ್ರಗಳಲ್ಲಿ ಮಾಡುತ್ತಾರೆ. ಎಲ್ಲ ಕಡೆ ಸಿಗಬೇಕಾದದ್ದು ಮಾರ್ಫಿನ್ ಮಾತ್ರೆ. ಹೊತ್ತು ಹೊತ್ತಿಗೆ, ನೋವು ಬರುವ ಮುಂಚೆಯೇ, ವೈದ್ಯರು ಹೇಳಿದ ಪ್ರಮಾಣದಲ್ಲಿ ನುಂಗಿದರೆ ಅದು ಚಟ ಹಿಡಿಸುವುದು ತೀರ ಅಪರೂಪ, ಆಯುಷ್ಯ ಕಡಿಮೆ ಮಾಡುವುದಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಸೇರಿಸಬೇಕು. ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕವಸ್ತು ಕಾನೂನಿನ ಭಯದಿಂದ ನಮ್ಮ ರೋಗಿಗಳಿಗೆ ದಶಕಗಳ ಕಾಲ ಮಾರ್ಫಿನ್ ಸಿಗಲಿಲ್ಲ. 2014ರ ತಿದ್ದುಪಡಿ ಅದನ್ನು ಅಗತ್ಯ ಮಾದಕ ಔಷಧಿಗಳ ಪಟ್ಟಿಗೆ ಸೇರಿಸಿ, ಮಾನ್ಯತೆ ಪಡೆದ ಆಸ್ಪತ್ರೆ ಇಟ್ಟುಕೊಂಡು ಕೊಡಲು ದಾರಿ ಮಾಡಿತು.

ಉಪಶಮನ ಆರೈಕೆ ಎಂದರೆ ಕೊನೆಯ ವಾರದ ಮಾತು ಎಂಬ ತಪ್ಪು ಕಲ್ಪನೆ ಇನ್ನೂ ಗಟ್ಟಿಯಾಗಿದೆ. ಶ್ವಾಸಕೋಶ ಕ್ಯಾನ್ಸರಿನ ರೋಗಿಗಳ ಮೇಲೆ 2010ರಲ್ಲಿ ನಡೆದ ಪ್ರಯೋಗದಲ್ಲಿ, ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಈ ಆರೈಕೆ ಸಿಕ್ಕವರು ನೆಮ್ಮದಿಯಿಂದಿದ್ದರು, ಉಳಿದವರಿಗಿಂತ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬದುಕಿದರು ಕೂಡ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಈ ಆರೈಕೆ ಕೊಡುತ್ತಿದೆ. ಆದರೆ ಅಷ್ಟು ದೂರ ಸಾಗಿಸಲಾಗದ ಸ್ಥಿತಿಯಲ್ಲಿ ಅವ್ವ ಶ್ರೀರಾಮನಗರದ ತನ್ನ ಮನೆಯ ಮಂಚದ ಮೇಲೆಯೇ ಇರುತ್ತಾಳೆ, ಇರಲು ಬಯಸುತ್ತಾಳೆ. ಆದ್ದರಿಂದ ರೋಗ ಪತ್ತೆಯಾದ ಮೊದಲ ವಾರವೇ ಕೊಪ್ಪಳ, ಬಳ್ಳಾರಿ, ಹುಬ್ಬಳ್ಳಿಗಳಲ್ಲಿ ಹತ್ತಿರದ ಯಾವ ಆಸ್ಪತ್ರೆ ಬಾಯಿಯಿಂದ ಕೊಡುವ ಮಾರ್ಫಿನ್ ಇಟ್ಟಿದೆ ಎಂದು ವಿಚಾರಿಸಿ, ಅಲ್ಲಿ ಹೆಸರು ನೋಂದಾಯಿಸಿ. ಹತ್ತಿರದ ಆಸ್ಪತ್ರೆಯಲ್ಲಿ ಇಲ್ಲವೆಂದಾದರೆ ಯಾಕಿಲ್ಲ ಎಂದು ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೇಳಿ. ಆ ಅರ್ಜಿಗೆ ಊರಿನ ಹತ್ತು ಜನ ಸಹಿ ಹಾಕಲಿ.